ಮೊಣಕಾಲಿನ ಪಾಳಿ

ಶಿರಸ್ತೇದಾರ ಶ್ರೀವಲ್ಲಭರಾಯರು ತಮ್ಮ ಮೊಣಕಾಲಿಗಾಗಿ ರಕ್ತ ಸುರಿಸಲು ಹೋಗಿ, ಅರ್ಧ ಸಿರಿಂಜು ಸುರಿಸುವಷ್ಟರಲ್ಲಿ ಕಂಪೌಂಡರ್ ಫಯಾಜನ ಮೈಮೇಲೆ ಬಿದ್ದರು.

ಬಿದ್ದದ್ದೂ ಸರಕಾರಿ ಕಡತ ಸಾಗಿದ ಹಾಗೆ, ಹಂತ ಹಂತವಾಗಿ. ಮೊದಲು ಎಡಕ್ಕೆ ವಾಲಿದರು. ಆಮೇಲೆ "ಫ್ಯಾನ್ ಯಾಕ ನಿಂತದ?" ಎಂದು ಕೇಳಿದರು (ಫ್ಯಾನು ತಿರುಗುತ್ತಲೇ ಇತ್ತು). ಆಮೇಲೆ ಕಣ್ಣುಗುಡ್ಡೆಗಳು ಮೇಲಕ್ಕೆ ಹೋದವು, ದೇಹ ಕೆಳಕ್ಕೆ ಬಂತು. ನಡುವೆ ಫಯಾಜ ಇದ್ದ.

"ಸರ! ಸರ! ರಕ್ತ ಕೊಡ್ರಿ ಅಂದ್ರ ಜೀವಾನ ಕೊಡಾಕ ಹೊಂಟ್ರೆಲ್ರಿ! ಏನ ತಿಂದು ಬಂದೀರಿ?"

ಉತ್ತರ ಬಾಗಿಲ ಬಳಿ ನಿಂತಿದ್ದ ಹೆಂಡತಿ ವರದಾಬಾಯಿಯಿಂದ ಬಂತು. "ಏನೂ ತಿಂದಿಲ್ಲ. ಇವತ್ತ ಏಕಾದಶಿ. ನಿರ್ಜಲ."

"ಹಂಗಂದ್ರ?"

"ನೀರೂ ಇಲ್ಲ."

ಡಾಕ್ಟರ್ ಗುರಲಿಂಗಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡರು. ಅವರು ಪ್ರತಿ ಗುರುವಾರ ವಿಜಯಪುರದಿಂದ ಬಸವನ ಬಾಗೇವಾಡಿಗೆ ಬಂದು ಎಲುಬು-ಕೀಲು ನೋಡಿ ಹೋಗುವವರು. "ಅಕ್ಕಾರ, ಹೊಟ್ಟಿ ತುಂಬ ಉಂಡು, ನೀರು ಕುಡದು ಬರ್ರಿ ಅಂತ ಚೀಟಿ ಬರದು ಕೊಟ್ಟಿದ್ನೆಲ್ರಿ?"

"ಚೀಟಿ ಅವರು ಓದ್ಯಾರ. ಓದಿ ಪಂಚಾಂಗದಾಗ ಇಟ್ಟಾರ."

ಅಷ್ಟರಲ್ಲಿ ಫಯಾಜ ರಾಯರ ಬಾಯಿಗೆ ಗ್ಲುಕೋಸ್ ನೀರು ಬಿಟ್ಟಿದ್ದ. ರಾಯರು ಕಣ್ಣು ಬಿಟ್ಟರು, ನಾಲಿಗೆ ಚಪ್ಪರಿಸಿದರು, ಸಿಹಿ ಹತ್ತಿದ್ದೇ ಎದ್ದು ಕುಳಿತರು. "ಏನ ಹಾಕಿದ್ಯೋ ಬಾಯಾಗ? ಏಕಾದಶಿ ಮುರೀತಲ್ಲೋ!"

"ಏಕಾದಶಿ ಮುರದ್ರ ಹದಿನೈದು ದಿವಸಕ್ಕ ಮತ್ತೊಂದು ಬರ್ತೈತ್ರಿ ಸರ," ಎಂದ ಫಯಾಜ, ಅಂಗಿ ಝಾಡಿಸಿಕೊಳ್ಳುತ್ತ. "ತಲಿ ಒಡದಿದ್ರ?"

ಹೀಗೆ ರಕ್ತವೂ ಹೋಯಿತು, ವ್ರತವೂ ಹೋಯಿತು. ಮೊಣಕಾಲು ಮಾತ್ರ ಇದ್ದಲ್ಲೇ ಇತ್ತು, ಬಾತುಕೊಂಡು. ಬಾಳೆಹಣ್ಣಾದರೂ ತಿಂದು ಹೋಗಿ ಎಂದು ವರದಾಬಾಯಿ ಬೆಳಿಗ್ಗೆ ಎರಡು ಸಲ ಹೇಳಿದ್ದಳು. ರಾಯರು ಅದಕ್ಕೆ 'ಹೂಂ' ಅಂದಿದ್ದರು. ಹೆಂಡತಿಯ ಮಾತಿಗೆ 'ಹೂಂ' ಅನ್ನುವುದೆಂದರೆ ಟಪಾಲಿಗೆ ಸ್ವೀಕೃತಿಯ ಮುದ್ರೆ ಒತ್ತಿದ ಹಾಗೆ. ಬಂದದ್ದಕ್ಕೆ ಮುದ್ರೆ, ಓದಿದ್ದಕ್ಕಲ್ಲ.

ಆ ಮೊಣಕಾಲು ಕೆಟ್ಟದ್ದು ಹೇಗೆಂದರೆ, ಹೇಳಲು ನಾಚಿಕೆ. ನೌಕರರ ಕ್ರೀಡಾಕೂಟದಲ್ಲಿ ಬೇರೆಯವರು ಓಟದಲ್ಲಿ, ಕಬಡ್ಡಿಯಲ್ಲಿ ಕಾಲು ಮುರಿದುಕೊಂಡರು. ರಾಯರು ಮುರಿದುಕೊಂಡದ್ದು ನಿಧಾನ ಸೈಕಲ್ ಸ್ಪರ್ಧೆಯಲ್ಲಿ. ಕಟ್ಟಕಡೆಗೆ ಬಂದವನೇ ಗೆದ್ದವನು ಎನ್ನುವ ಆ ಆಟ ತಮ್ಮ ಮೂವತ್ತು ವರ್ಷದ ಸೇವಾನುಭವಕ್ಕೆ ಹೇಳಿ ಮಾಡಿಸಿದ್ದೆಂದು ಅವರು ಇಳಿದಿದ್ದರು. ಎಷ್ಟು ನಿಧಾನ ಹೊಡೆದರೆಂದರೆ ಸೈಕಲ್ಲು ನಿಂತೇಬಿಟ್ಟಿತು. ನಿಂತ ಸೈಕಲ್ಲಿನಿಂದ ಬಿದ್ದು ಬಲಮೊಣಕಾಲಿನೊಳಗೆ ಎಲುಬು ಹಿಡಿದಿಡುವ ಪಟ್ಟಿ ಅರ್ಧ ಹರಿಯಿತು. "ಆಪರೇಶನ್ ಬ್ಯಾಡ್ರಿ. ನಿಮ್ಮ ರಕ್ತಾನ ತಗದು, ತಿರುವಿ, ಅದರಾಗಿಂದು ಗಟ್ಟಿ ಅಂಶ ಅಲ್ಲೇ ಚುಚ್ಚೂಣು," ಎಂದಿದ್ದರು ಗುರಲಿಂಗಪ್ಪ. ಅದರ ಜೊತೆಗೆ, "ಒಬ್ಬೊಬ್ರಿಗೆ ಹತ್ತತೈತಿ, ಒಬ್ಬೊಬ್ರಿಗೆ ಹತ್ತಂಗಿಲ್ಲ" ಎಂದೂ ಹೇಳಿದ್ದರು. ಮೊದಲನೆಯದನ್ನು ರಾಯರು ಕೇಳಿಸಿಕೊಂಡರು. ಎರಡನೆಯದಕ್ಕೆ 'ಹೂಂ' ಅಂದರು.

ಬೇರೆ ವರ್ಷವಾಗಿದ್ದರೆ ರಾಯರು ಕುರ್ಚಿಯ ಮೇಲೆ ಕೂತು ಕಾಲ ಕಳೆಯುತ್ತಿದ್ದರು, ಕಾಲೂ ಕಳೆಯುತ್ತಿದ್ದರು. ಆದರೆ ಈ ವರ್ಷ ಪಾಳಿ ಬಂದಿತ್ತು.

ದೇವಣಗಾಂವದ ಮೂಲಮನೆಯಿಂದ ಒಡೆದ ಮನೆಗಳು ನಾಲ್ಕು: ಇಂಡಿಯದೊಂದು, ಸಿಂದಗಿಯದೊಂದು, ಮುದ್ದೇಬಿಹಾಳದ್ದೊಂದು, ಬಾಗೇವಾಡಿಯದೊಂದು. ಆಸ್ತಿ, ಪಾತ್ರೆ, ಕಡೆಗೆ ದೇವರನ್ನೂ ನಾಲ್ಕು ಪಾಲು ಮಾಡಿಕೊಂಡ ಈ ಮನೆಯವರಿಗೆ ಪಾಲು ಮಾಡಲಾಗದೆ ಉಳಿದದ್ದು ಸ್ವಾಮಿಗಳ ಪಾದಪೂಜೆ. ಮೂರು ವರ್ಷಕ್ಕೊಮ್ಮೆ ಸ್ವಾಮಿಗಳು ಸಂಚಾರದಲ್ಲಿ ಈ ಕಡೆ ಬರುತ್ತಾರೆ. ಒಂದು ಸಲಕ್ಕೆ ಒಂದೇ ಮನೆ. ಅಂದರೆ ಒಬ್ಬನ ಪಾಳಿ ಹನ್ನೆರಡು ವರ್ಷಕ್ಕೊಮ್ಮೆ. ಹೋದ ಪಾಳಿಯಲ್ಲಿ ಮಣೆಯ ಮೇಲೆ ಕುಳಿತವರು ರಾಯರ ತಂದೆ. ಶ್ರೀವಲ್ಲಭರಾಯರು ಆಗ ಹೊರಗೆ ನಿಂತು ನೆಂಟರ ಚಪ್ಪಲಿ ಕಾಯ್ದಿದ್ದರು. ಈಗ ಐವತ್ತೇಳು. ಈ ಸಲ ತಪ್ಪಿದರೆ ಮುಂದಿನದು ಅರವತ್ತೊಂಬತ್ತಕ್ಕೆ, ಅದೂ ಆಯುಷ್ಯ ಸಹಕರಿಸಿದರೆ.

ಯಜಮಾನ ನೆಲದ ಮೇಲೆ ಮಣೆ ಹಾಕಿ ಕೂಡಬೇಕು, ಪಾದ ತೊಳೆಯಬೇಕು, ಎದ್ದು ಸಾಷ್ಟಾಂಗ ಹಾಕಬೇಕು. ಸ್ವಾಮಿಗಳ ಎದುರು ಕುರ್ಚಿ ಹಾಕಿಕೊಂಡವನು ಆ ವಂಶದಲ್ಲಿ ಹುಟ್ಟಿರಲಿಲ್ಲ. (ಮೊಣಕಾಲೂರುವುದು ಶಿಕ್ಷೆಯೆಂದು ಕಾನ್ವೆಂಟಿನಲ್ಲಿ ಕಲಿತವರಿಗೆ ಅದು ಸೇವೆಯೆಂದು ತಿಳಿಯಲು ತಡವಾಗುತ್ತದೆ. ರಾಯರು ಮುನಸಿಪಾಲಿಟಿ ಸಾಲಿಯಲ್ಲಿ ಕಲಿತವರು. ಅವರಿಗೆ ಎರಡೂ ಒಂದೇ.) ಯಜಮಾನನಿಗೆ ಕೂಡಲು ಆಗದಿದ್ದರೆ ಪಾಳಿ ಮುಂದಿನ ಮನೆಗೆ ಹೋಗುತ್ತದೆ. ಮುಂದಿನ ಮನೆ ಇಂಡಿಯದು. ಅಲ್ಲಿ ದೊಡ್ಡಪ್ಪನ ಮಗ ಗೋವಿಂದಣ್ಣ ಇದ್ದಾನೆ, ಲಿಂಬೆಹಣ್ಣಿನ ವ್ಯಾಪಾರಿ. ಅವನದು ಲಿಂಬೆಯ ಮಂಡಿ, ಇವರದು ನೋವಿನ ಮಂಡಿ. ಹಿಂಡುವ ಕೆಲಸ ಅವನಿಗೆ ಚೆನ್ನಾಗಿ ಗೊತ್ತು.

"ವಲ್ಲಭಾ, ಹ್ಯಾಂಗದ ಕಾಲು?" ದಿನಾ ಫೋನು. "ಆಗಲಿಲ್ಲಂದ್ರ ಸಂಕೋಚ ಮಾಡ್ಕೋಬ್ಯಾಡಪಾ. ನಾ ಇದ್ದೀನಿ. ನಮ್ಮನಿ ಪಡಸಾಲಿ ಈಗ ದೊಡ್ಡದು ಮಾಡಿಸೀನಿ."

"ನಮ್ಮ ಪಡಸಾಲಿನೂ ಸಣ್ಣದಲ್ಲ ಗೋವಿಂದಣ್ಣ."

"ಪಡಸಾಲಿ ಸಣ್ಣದಲ್ಲಪಾ. ಕಾಲು ಮಡಚತದೋ ಇಲ್ಲೋ? ಮತ್ತ ವರದಾಂದೂ ಕಾಲು ಹೋಗೇದಂತ ನೀನ ಹೇಳಿದ್ದಿ. ಇಬ್ಬರು ಕುಂಟರು ಕೂಡಿ ಸ್ವಾಮಿಗಳನ್ನ ಹ್ಯಾಂಗ ಸುಧಾರಸ್ತೀರಿ?"

"ಆಕೀದೇನು, ಹನ್ನೊಂದು ವರ್ಷದಿಂದ ಕುಂಟತಾಳ. ಆಕೀಗೆ ರೂಢಿ ಆಗೇದ," ಎಂದರು ರಾಯರು.

ಹೌದು, ವರದಾಬಾಯಿಗೂ ಒಂದು ಮೊಣಕಾಲಿತ್ತು. ಮಾವನ ಮೊದಲ ವರ್ಷದ ಶ್ರಾದ್ಧದ ದಿನ, ಒದ್ದೆ ಮಡಿಸೀರೆಯಲ್ಲಿ ನೀರಿನ ಕೊಡ ಹೊತ್ತು ಬಚ್ಚಲ ಕಲ್ಲಿನ ಮೇಲೆ ಜಾರಿದ್ದಳು. ಸದ್ದು ಕೇಳಿ ಓಡಿ ಬಂದ ರಾಯರು ಕೇಳಿದ ಮೊದಲ ಪ್ರಶ್ನೆ: "ಮಡಿ ನೀರು ಚೆಲ್ಲಿತೇನು?" ಆಮೇಲೆ ಅರಿಷಿಣ-ಸುಣ್ಣ ಬಿಸಿ ಮಾಡಿ ಹಚ್ಚಿಕೊ ಎಂದರು. ಆ ದಿನ ಇಪ್ಪತ್ತೆರಡು ಎಲೆ ಬಿದ್ದವು, ಬಡಿಸಿದವಳೂ ಆಕೆಯೇ. ಮುಂದೆ ಆಕೆಯ ಕುಂಟು ಗೋಡೆಗಡಿಯಾರದ ಸದ್ದಿನ ಹಾಗೆ ಆಯಿತು. ಹೊಸದರಲ್ಲಿ ಕೇಳುತ್ತದೆ, ಆಮೇಲೆ ಅದು ಇದೆ ಎಂದು ಗೊತ್ತಿರುತ್ತದೆ, ಅಷ್ಟೇ.

ಮುಂದಿನ ಗುರುವಾರ ರಾಯರು ಎರಡು ರೊಟ್ಟಿ, ಝುಣಕ, ಮೇಲೊಂದು ತಂಬಿಗೆ ಮಜ್ಜಿಗೆ ಹೊಡೆದು ಹೋದರು. ಫಯಾಜ ಈ ಸಲ ಕೈಗೆಟುಕುವಷ್ಟು ದೂರ ನಿಂತೇ ರಕ್ತ ತೆಗೆದ. ಅದನ್ನು ಒಂದು ಯಂತ್ರದಲ್ಲಿಟ್ಟು ಗರಗರ ತಿರುಗಿಸಿದರು. ಕಾಲು ತಾಸಿನ ಮೇಲೆ ಹೊರಬಂದದ್ದು ಕೆಂಪಲ್ಲ. ಕಾಸಿದ ತುಪ್ಪದ ಬಣ್ಣದ್ದು, ಒಂದು ಸಣ್ಣ ಸಿರಿಂಜಿನಷ್ಟು.

"ನೋಡಿದ್ಯಾ?" ರಾಯರು ಹೆಂಡತಿಗೆ ಹೆಮ್ಮೆಯಿಂದ ತೋರಿಸಿದರು. "ಬಂಗಾರದಂಗ ಅದ."

"ಇಷ್ಟು ಕಡದ ಮ್ಯಾಲೆ ಬೆಣ್ಣಿ ಬರ್ತದ ಅಂತ ತಿಳ್ಕೊಂಡಿದ್ದೆ," ಎಂದಳು ವರದಾಬಾಯಿ. "ನೀರುಮಜ್ಜಿಗಿ ಬಂತು."

ಸೂಜಿ ಒಳಗೆ ಹೋದಾಗ ರಾಯರು ಇಷ್ಟದೈವವನ್ನೂ ಕುಲದೈವವನ್ನೂ ಒಟ್ಟಿಗೆ ಕರೆದರು. ಇಬ್ಬರಲ್ಲಿ ಯಾರು ಬಂದರೋ, ಸೂಜಿ ಹೊರಗೆ ಬಂತು. ಡಾಕ್ಟರು ಪಥ್ಯ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ವರದಾಬಾಯಿಯೇ ಹೇಳಿಬಿಟ್ಟಳು: "ನೋವಿನ ಗುಳಿಗಿ ನುಂಗಬಾರದು. ನೆಲಕ್ಕ ಕೂಡಬಾರದು. ದಿನಾ ತೊಡಿ ಬಿಗಿ ಮಾಡೂ ವ್ಯಾಯಾಮ ತಪ್ಪಿಸಬಾರದು. ಹೌದಲ್ರಿ ಡಾಕ್ಟರ?"

"ಅಕ್ಕಾರಿಗೆ ನಾ ಏನ ಹೇಳ್ಲಿ," ಎಂದು ಡಾಕ್ಟರು ನಕ್ಕರು. "ಆರು ವಾರ, ಸರ. ಆರು ವಾರ ನೆಲಾ ಮರತುಬಿಡ್ರಿ."

ಹೊರಗೆ ಬರುತ್ತ ರಾಯರು ಗೊಣಗಿದರು. "ಮೊಬೈಲ್ ನೋಡಿ ನೋಡಿ ನೀನೂ ಡಾಕ್ಟರ್ ಆಗೀದಿ."

ಆರು ವಾರ! ಪಾದಪೂಜೆಗೆ ಇದ್ದದ್ದು ನಾಲ್ಕು ವಾರ. ಡಾಕ್ಟರರ ಆರು ವಾರ ಎನ್ನುವುದು ಗುತ್ತಿಗೆದಾರರ ಆರು ತಿಂಗಳಿನ ಹಾಗೆ, ಚೌಕಾಶಿಗೆ ಇಟ್ಟ ಮಾತು ಎಂದು ರಾಯರು ತೀರ್ಮಾನಿಸಿದರು. ಆಫೀಸಿನಲ್ಲಿ ಮೇಜಿನ ಮೇಲೆ ಕಾಲಿಟ್ಟು ಎಲ್ಲರಿಗೂ ತೋರಿಸಿದರು: "ಪರರ ಹಂಗಿಲ್ಲ. ನನ್ನದೇ ರಕ್ತ, ನನ್ನದೇ ಕಾಲು. ಸ್ವಾವಲಂಬಿ ಮೊಣಕಾಲು!" ರಕ್ತಸಂಬಂಧಿಗಳು ಕೈಕೊಟ್ಟರೂ ರಕ್ತ ಕೈಬಿಡುವುದಿಲ್ಲ ಎಂಬ ಮಾತನ್ನು ಗೋವಿಂದಣ್ಣನಿಗೆ ಮುಟ್ಟಲೆಂದೇ ಸಿಂದಗಿ, ಮುದ್ದೇಬಿಹಾಳದ ಮನೆಗಳಿಗೆ ಫೋನು ಮಾಡಿ ಹೇಳಿದರು.

ಮುಟ್ಟಿತು. ಹತ್ತನೇ ದಿನ ಗೋವಿಂದಣ್ಣ ವಿಡಿಯೋ ಕಾಲ್ ಮಾಡಿದ.

"ಮಾತು ಬ್ಯಾಡ ವಲ್ಲಭಾ. ಮಣಿ ಹಾಕಿ ಕೂತು ತೋರಸು."

ವರದಾಬಾಯಿ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ತಡೆಯುವವರಿಲ್ಲ. ರಾಯರು ಫೋನನ್ನು ಗೂಡಿನಲ್ಲಿ ಒರಗಿಸಿ, ಮಣೆ ಹಾಕಿ, ಕಾಲು ಮಡಚಿ ಕುಳಿತೇಬಿಟ್ಟರು. ಒಳಗೆ ಎಲ್ಲೋ 'ಕಟಕ್' ಎಂದಿತು. ಮುಖದ ಮೇಲೆ ಶೇಷಶಾಯಿಯ ಮುಗುಳ್ನಗೆ ಹಾಗೇ ಇತ್ತು. ಕೆಳಗೆ ಮಾತ್ರ ಶೇಷನೇ ಕಚ್ಚಿದಂತಾಗಿತ್ತು.

"ಭೇಷ್," ಎಂದ ಗೋವಿಂದಣ್ಣ, ಬಾಯಿ ಹುಳ್ಳಗೆ ಮಾಡಿಕೊಂಡು. "ಈಗ ಏಳು."

"ಕೂತವರನ್ನ ಹಂಗ ಎಬ್ಬಿಸಬಾರದು ಗೋವಿಂದಣ್ಣ, ಅದು ಶಾಸ್ತ್ರ ಅಲ್ಲ," ಎಂದು ರಾಯರು ಕಾಲ್ ಕತ್ತರಿಸಿದರು. ಕಾಲು ಮಾತ್ರ ಹಾಗೆ ಕತ್ತರಿಸಲು ಬರಲಿಲ್ಲ. ಮಣೆಯ ಸಮೇತ ತೆವಳಿ ತೆವಳಿ ಕಿಟಕಿಯ ಸರಳಿನವರೆಗೆ ಹೋಗಿ, ಅದನ್ನು ಹಿಡಿದು ಎದ್ದರು.

ಮಾಳಿಗೆಯಿಂದ ದಡದಡ ಇಳಿದು ಬಂದ ವರದಾಬಾಯಿ ಪಡಸಾಲೆ ನೋಡಿದಳು. "ಮಣಿ ಕಿಟಕಿ ಕೆಳಗ ಹ್ಯಾಂಗ ಬಂತು?"

"ನನಗೇನು ಗೊತ್ತು?"

"ತಾನ ನಡಕೋತ ಬಂತೇನು? ಬಂದಿದ್ರೂ ಬಂದಿರಬೇಕು. ಈ ಮನ್ಯಾಗ ಮಣಿಗೆ ನಾಕು ಕಾಲರ ಛಲೋ ಅವ."

ಮರುದಿನದಿಂದ ರಾಯರು ಕದ್ದು ಅಭ್ಯಾಸ ಶುರು ಮಾಡಿದರು. ಆಕೆ ಮಾಳಿಗೆ ಹತ್ತಿದರೆ ಒಂದು ಕೂಡುವಿಕೆ, ಸಂತೆಗೆ ಹೋದರೆ ಒಂದು. ಕಾಲು ದಿನದಿಂದ ದಿನಕ್ಕೆ ಬಾತಿತು. ಒಳಗಿನ ಔಷಧ ಕೆಲಸ ಮಾಡುತ್ತಿದೆ, ಅದಕ್ಕೇ ಉಬ್ಬುತ್ತಿದೆ ಎಂದು ಅರ್ಥ ಮಾಡಿಕೊಂಡರು.

ಆ ದಿನ ಬಂತು. ಪಡಸಾಲೆ ತುಂಬ ನಾಲ್ಕು ಮನೆಯ ಮಂದಿ. ಸ್ವಾಮಿಗಳು ಪೀಠದ ಮೇಲೆ. ರಾಯರು ಮಡಿ ಉಟ್ಟು, ಬೆಳಿಗ್ಗೆಯೇ ನೋವಿನ ಗುಳಿಗೆ ಎರಡು ಗುಟ್ಟಾಗಿ ನುಂಗಿ, ಮಣೆಯ ಮೇಲೆ ಕುಳಿತರು. ಗೋವಿಂದಣ್ಣ ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದ, ಲಿಂಬೆಯ ಭಾವ ಏರುವುದನ್ನು ಕಾಯುವವನ ಹಾಗೆ. ಮಡಿ ಕಚ್ಚೆ ಸೀರೆಯ ವರದಾಬಾಯಿ ಬೆಳ್ಳಿ ತಂಬಿಗೆಯಿಂದ ನೀರು ಬಿಟ್ಟಳು, ರಾಯರು ಪಾದ ತೊಳೆದರು, ಒರೆಸಿದರು, ತುಳಸಿ ಇಟ್ಟರು. ಹನ್ನೆರಡು ವರ್ಷದ ಹಿಂದೆ ಹೊರಗೆ ಚಪ್ಪಲಿ ಕಾಯ್ದದ್ದು ಇವತ್ತಿಗೆ ಸಾರ್ಥಕ ಎನ್ನಿಸಿ ಕಣ್ಣು ಒದ್ದೆಯಾಯಿತು.

"ಹೂಂ, ಏಳ್ರಿ. ನಮಸ್ಕಾರ ಮಾಡ್ರಿ," ಎಂದರು ಮಠದ ಆಚಾರ್ಯರು.

"ಏಳ್ತೀನಿ," ಎಂದರು ರಾಯರು. ಏಳಲಿಲ್ಲ.

ಮಂತ್ರ ಮುಗಿಯಿತು. ವಾದ್ಯ ನಿಂತಿತು. ರಾಯರು ಇನ್ನೂ ಏಳುತ್ತಲೇ ಇದ್ದರು, ಕೂತಲ್ಲೇ.

"ಸರೀರಿ, ನಾ ಎತ್ತತೀನಿ!" ಗೋವಿಂದಣ್ಣ ಹೊನ್ನಿನ ಕೊಡ ಸಿಕ್ಕವನಂತೆ ಜಿಗಿದ.

"ಮುಟ್ಟಬ್ಯಾಡ್ರಿ!" ಆಚಾರ್ಯರು ಕೂಗಿದರು. "ಅವರು ಮಡಿಯೊಳಗ ಇದ್ದಾರ. ನೀವು ಬಸ್ಸಿನಾಗ ಬಂದೀರಿ!"

ಗೋವಿಂದಣ್ಣ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಸಿಂದಗಿಯವರೂ ಬಸ್ಸು, ಮುದ್ದೇಬಿಹಾಳದವರೂ ಬಸ್ಸು. ಆಚಾರ್ಯರು ಮಡಿಯಲ್ಲಿದ್ದರು, ಆದರೆ ಅವರದು ಸ್ವಾಮಿಗಳ ಪೂಜೆಯ ಮಡಿ, ಗೃಹಸ್ಥನನ್ನು ಮುಟ್ಟಿದರೆ ಅದಕ್ಕೆ ಮತ್ತೆ ಸ್ನಾನ. ಅರವತ್ತು ಜನ ತುಂಬಿದ ಪಡಸಾಲೆಯಲ್ಲಿ ರಾಯರನ್ನು ಮುಟ್ಟಲು ಅರ್ಹತೆ ಇದ್ದ ಜೀವ ಒಂದೇ.

ವರದಾಬಾಯಿ ತಂಬಿಗೆ ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕುಕ್ಕುರುಗಾಲಲ್ಲಿ ಕುಳಿತು, ಗಂಡನ ಬಗಲಿಗೆ ಹೆಗಲು ಕೊಟ್ಟು, "ಹೂಂ" ಎಂದು ಒಂದೇ ಏಟಿಗೆ ಎದ್ದು ನಿಂತಳು. ಜೊತೆಗೆ ಎಪ್ಪತ್ತೆಂಟು ಕಿಲೋದ ಶಿರಸ್ತೇದಾರರೂ ಎದ್ದರು. ಅವರನ್ನು ಕಂಬಕ್ಕೆ ಒರಗಿಸಿ, ತಾನು ಸ್ವಾಮಿಗಳಿಗೆ ಒಂದಲ್ಲ, ಎರಡು ನಮಸ್ಕಾರ ಹಾಕಿದಳು. ಒಂದು ಆಕೆಯದು, ಒಂದು ಕಂಬದ್ದು.

"ಮಂತ್ರಾಕ್ಷತಿ ಮೊದಲ ಆಕೀಗೆ ಕೊಡ್ರಿ," ಎಂದರು ಸ್ವಾಮಿಗಳು.

ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ಗೋವಿಂದಣ್ಣ ಕಂಬದ ಬಳಿ ಬಂದು, ಮುಟ್ಟದಷ್ಟು ದೂರದಲ್ಲಿ ನಿಂತು, ಕಿವಿಯಲ್ಲಿ ಹೇಳಿದ: "ಅಲ್ಲೋ ವಲ್ಲಭಾ, ವರದಾ ಕುಂಟತಾಳ ಅಂದಿದ್ದಿ? ಆಕೀ ನಿನ್ನ ಹೊತಗೊಂಡು ಇಂಡೀತನಕಾ ನಡದಾಳು."

ಆ ಮಾತು ರಾಯರಿಗೆ ಮೊಣಕಾಲಿಗಿಂತ ಹೆಚ್ಚು ಚುಚ್ಚಿತು.

ಗುರುವಾರ ಗುರಲಿಂಗಪ್ಪನವರು ಕಾಲು ಒತ್ತಿ ನೋಡಿದರು. "ನೆಲಕ್ಕ ಕೂತ್ರಿ?"

"ಒಂದೇ ಸಲ," ಎಂದರು ರಾಯರು.

"ಹದಿನಾಲ್ಕು ಸಲ," ಎಂದಳು ವರದಾಬಾಯಿ. "ಮಾಳಿಗಿ ಬೆಳಕಿಂಡಿಯಿಂದ ಕಂಡದ್ದಷ್ಟ ಎಣಿಸೀನಿ."

"ಗುಳಿಗಿ?"

"ಎರಡು. ಖಾಲಿ ಹಾಳಿ ಪಂಚಾಂಗದಾಗ ಅದ, ನಿಮ್ಮ ಚೀಟಿ ಪಕ್ಕಕ್ಕ."

ಡಾಕ್ಟರು ನಿಟ್ಟುಸಿರು ಬಿಟ್ಟರು. "ಸರ, ಹಾಕಿದ್ದ ಸೂಜಿ ಹರಿಯೂ ಹಳ್ಳಕ್ಕ ಹಾಕಿದಂಗಾತು. ಅರ್ಧ ಹರದಿದ್ದು ಈಗ ಪೂರಾ ಹರದೈತಿ. ಆಪರೇಶನ್ನ ಗತಿ. ಮನ್ಯಾಗ ಅಕ್ಕಾರನ್ನ ನೋಡಿಯಾದ್ರೂ ಕಲೀಬಾರದೇನ್ರಿ? ಅವ್ರು ನನ್ನ ಹತ್ರ ಬಂದಾಗ ಅದು ಎಂಟೊಂಬತ್ತು ವರ್ಷದ ಹಳೀ ಪೆಟ್ಟು. ಅವ್ರಿಗೆ ಹಾಕಿದ್ದು ರಕ್ತದ್ದಲ್ಲ, ಕೀಲಿಗೆ ಎಣ್ಣಿ ಬಿಟ್ಟಂಗ ಜಾರೂ ಔಷಧ. ಮೂರು ಗುರುವಾರ, ಮೂರು ಸೂಜಿ. ಆಮ್ಯಾಲೆ ಆರು ತಿಂಗಳು ವ್ಯಾಯಾಮ, ಒಂದು ದಿವಸ ತಪ್ಪಿಸಲಿಲ್ಲ. ಸೂಜಿಗಿಂತ ಅದ ದೊಡ್ಡದ್ರಿ."

ರಾಯರು ಮಂಚದ ಮೇಲೆ ಕೂತಲ್ಲೇ ಹೆಂಡತಿಯ ಕಡೆಗೆ ತಿರುಗಿದರು. ವರದಾಬಾಯಿ ಅವರ ಚಪ್ಪಲಿ ಹುಡುಕುತ್ತಿದ್ದಳು.

ಹೊರಗೆ ಬರುವವರೆಗೆ ತಡೆದುಕೊಂಡರು. ಕ್ಲಿನಿಕ್ಕಿಗೆ ಆರು ಮೆಟ್ಟಿಲು. ಆಕೆಯ ಹೆಗಲಿನ ಮೇಲೆ ಕೈಯಿಟ್ಟು ಒಂದೊಂದೇ ಇಳಿಯುತ್ತ, ಕಚೇರಿಯಲ್ಲಿ ಗುಮಾಸ್ತರನ್ನು ಹಿಡಿಯುವ ದನಿಯಲ್ಲಿ ವಿಚಾರಣೆ ತೆಗೆದರು.

"ಮೂರು ಗುರುವಾರ?"

"ಭಜನಿ ಮಂಡಳಿ ಅವತ್ತ ಇರ್ತಿತ್ತು. ನಾ ಇಲ್ಲಿ ಬಂದೆ."

"ನನಗ ಒಂದು ಮಾತು ಹೇಳಲಿಲ್ಲ!"

"ಹೇಳಿದ್ದೆ. ನೀವು ಪೇಪರ್ ಓದ್ಲಿಕ್ಕೆ ಹತ್ತಿದ್ರಿ. ಹೂಂ ಅಂದ್ರಿ."

ರಾಯರಿಗೆ ಮೂರನೆಯ ಮೆಟ್ಟಿಲಲ್ಲಿ ಉಸಿರು ಹತ್ತಿತು. ನಿಂತರು. ಇಷ್ಟು ದಿನದ ನಾಟಕ ಈಗ ಕೈಗೆ ಸಿಕ್ಕಿತ್ತು. ಅರವತ್ತು ಜನರ ಮುಂದೆ ಕಂಬಕ್ಕೆ ಒರಗಿದ ಅವಮಾನವನ್ನೆಲ್ಲ ಒಂದೇ ಪ್ರಶ್ನೆಯಲ್ಲಿ ತೀರಿಸಿಕೊಳ್ಳಬಹುದಿತ್ತು.

"ಅದಿರಲಿ. ಕಾಲು ನೆಟ್ಟಗಾಗಿದ್ರ, ಇಷ್ಟು ದಿವಸ ನನ್ನ ಮುಂದ ಕುಂಟಕೋತ ಯಾಕ ಅಡ್ಡಾಡಿದಿ? ಹೇಳು!"

ವರದಾಬಾಯಿ ತಿರುಗಿ ಅವರ ಮುಖ ನೋಡಿದಳು. ಸಿಟ್ಟಿರಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಿದ್ದಳು.

"ನಾ ಎಲ್ಲಿ ಕುಂಟೀನಿ? ಕುಂಟೂದು ಬಿಟ್ಟು ಎರಡು ವರ್ಷಾತಲ್ರಿ."